ಪ್ರತಿಕ್ರಿಯೆ: ಪಿಎಸ್‌ಪಿಯ ಗ್ರ್ಯಾನ್ ಟುರಿಸ್ಮೊ ಕೊಳ್ಳಬಹುದೇ?

ಬೀದರ್–ಕಲಬುರಗಿ ರೈಲಿನಲ್ಲಿ ಆಡಲು, ಕಾರು ಓಟದ ವಿಡಿಯೊ ಆಟವಾದ ಗ್ರ್ಯಾನ್ ಟುರಿಸ್ಮೊದ 2009ರ ಈ ಆವೃತ್ತಿಯನ್ನು (ಸೋನಿಯ ಪಿಎಸ್‌ಪಿ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರದ್ದು) ಕೊಂಡರೆ, ಟಿವಿಯಲ್ಲಿ ಆಡಿದ ಇದೇ ಸರಣಿಯ ನಾಲ್ಕನೆಯ ಭಾಗದ ಅನುಭವ ಸಿಗುವುದೇ ಎಂದು ಕೇಳಿದ್ದೀರಿ. ಸಿಗುವುದಿಲ್ಲ. 800ಕ್ಕೂ ಹೆಚ್ಚು ಕಾರುಗಳನ್ನು ಅಷ್ಟು ಚಿಕ್ಕ ಯಂತ್ರದೊಳಗೆ ತುಂಬಿರುವುದು ಮೆಚ್ಚತಕ್ಕದ್ದೇ ಆದರೂ, ಹಳೆಯ ಕಾರಿನಿಂದ ಆರಂಭಿಸಿ ಒಂದೊಂದೇ ಪಂದ್ಯಾವಳಿ ಗೆದ್ದು ಮೇಲೇರುವ ಕೆರಿಯರ್ ವಿಭಾಗವನ್ನೇ ಕೈಬಿಟ್ಟಿರುವುದರಿಂದ, ಹಣ ಕೂಡಿಸಿ ಕಾರು ಕೊಳ್ಳುವುದರ ಹೊರತು ಆಟಕ್ಕೆ ಗುರಿಯೇ ಉಳಿದಿಲ್ಲ. ಅದಕ್ಕೂ ತೊಡಕಿದೆ: ಆಟದೊಳಗಿನ ದಿನಗಳು ಉರುಳಿದಂತೆ ಕೆಲವೇ ಕಂಪನಿಗಳ ಶೋರೂಮ್‌ಗಳು ಸರದಿಯಲ್ಲಿ ತೆರೆಯುವುದರಿಂದ, ಬೇಕಾದ ಕಾರಿಗಾಗಿ ಸುಮ್ಮನೆ ಕಾಯಬೇಕಾಗುತ್ತದೆ. ಒಂದು ಪಂದ್ಯದಲ್ಲಿ ಓಡುವುದು ನಾಲ್ಕೇ ಕಾರುಗಳು. ನನಗಂತೂ ರೈಲು ಹುಮನಾಬಾದ್ ತಲುಪುವ ಮೊದಲೇ ಬೇಸರವಾಗಿತ್ತು. ಚಾಲನೆಯ ಕೌಶಲವನ್ನು ಪರೀಕ್ಷಿಸುವ ಚಿಕ್ಕ ಸವಾಲುಗಳು ಮಾತ್ರ ಚೆನ್ನಾಗಿವೆ. ಅವುಗಳಿಗಾಗಿ, ಅಗ್ಗದ ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕರೆ ಕೊಳ್ಳಿರಿ.