ಸ್ವಾಬ್ ಪರೀಕ್ಷೆಯಲ್ಲಿ ಎನ್‌ಡಿಎಂ ಪಾಸಿಟಿವ್ ಬಂದರೂ ಆಂಟಿಬಯಾಟಿಕ್ ಯಾಕೆ ಬದಲಿಸಿಲ್ಲ?

ಐಸಿಯುನಲ್ಲಿರುವ ನಿಮ್ಮ ತಂದೆಯವರ ಗುದದ ಸ್ವಾಬ್‌ನ ಪಿಸಿಆರ್‌ನಲ್ಲಿ (ಜೀನ್ ಹುಡುಕುವ ಪರೀಕ್ಷೆ) ಎನ್‌ಡಿಎಂ ಪಾಸಿಟಿವ್ ಬಂದಿದೆ, ಜ್ವರ ಇಲ್ಲ, ಡಾಕ್ಟರು ಹೊಸ ಔಷಧಿಯನ್ನೂ ಕೊಟ್ಟಿಲ್ಲ, ಇದು ನಿರ್ಲಕ್ಷ್ಯವಾ ಅಂತ ಕೇಳಿದ್ದೀರಿ. ನಿಮ್ಮ ಆತಂಕ ಅರ್ಥವಾಗುತ್ತದೆ. ನಾನು ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಈ ಸ್ವಾಬ್‌ಗಳನ್ನೇ ಪರೀಕ್ಷೆ ಮಾಡುವವಳು. ನೀವು ಹೇಳಿದಷ್ಟರಲ್ಲಿ ನನಗೆ ನಿರ್ಲಕ್ಷ್ಯ ಕಾಣುತ್ತಿಲ್ಲ.

ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್ ಅನ್ನೂ ಒಡೆದುಹಾಕುವ ಎನ್‌ಡಿಎಂ ಎಂಬ ಜೀನ್ ಇರುವ ಬ್ಯಾಕ್ಟೀರಿಯಾ ಅವರ ಕರುಳಿನಲ್ಲಿದೆ. ರಿಪೋರ್ಟ್ ಹೇಳುವುದು ಇಷ್ಟೇ. ಅದರಿಂದಲೇ ಕಾಯಿಲೆ ಬಂದಿದೆ ಎಂದಲ್ಲ. ಸುಮ್ನೆ ಕೂತಿರುವ ಬ್ಯಾಕ್ಟೀರಿಯಾಕ್ಕೆ ಔಷಧಿ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಇದಕ್ಕೇ ಜಾಗ ಜಾಸ್ತಿಯಾಗುತ್ತದೆ.

ಸ್ವಾಬ್ ತುದಿಯಲ್ಲಿ ತೆಳುವಾಗಿ ಕಂದು ಬಣ್ಣ ಇದ್ದರೆ ಸಾಕು. ಮಲ ಜಾಸ್ತಿ ಮೆತ್ತಿಕೊಂಡಿದ್ದರೆ ಪರೀಕ್ಷೆ ಕೈಕೊಡಬಹುದು, ಆಗ ನರ್ಸ್‌ಗೆ ಫೋನ್ ಮಾಡಿ ಮತ್ತೊಂದು ಕೇಳುತ್ತೇವೆ. ದ್ರಾವಣದಲ್ಲಿ ಅಲುಗಾಡಿಸಿ ಕಾರ್ಟ್ರಿಜ್‌ಗೆ ಹಾಕಿದರೆ ಜೀನ್‌ಎಕ್ಸ್‌ಪರ್ಟ್ ಮಷೀನ್ ಸುಮಾರು 50 ನಿಮಿಷದಲ್ಲಿ ಇಂಥ ಐದು ಬಗೆಯ ಜೀನ್ ಹುಡುಕುತ್ತದೆ: ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48. ಟಿಬಿ ಪರೀಕ್ಷೆಗೆ ಬಳಸುವುದೂ ಇದೇ ಮಷೀನ್. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಆದರೆ ಎರಡು ಮೂರು ದಿನ ಬೇಕು.

ಈ ಆತುರ ಮುಖ್ಯವಾಗಿ ಪಕ್ಕದ ಬೆಡ್‌ನವರಿಗಾಗಿ. ಇದು ಹರಡುವುದು ಕೈಯಿಂದ ಕೈಗೆ. ಅದಕ್ಕೇ ಗೌನು, ಗ್ಲೌಸ್, ಬೇರೆ ರೂಮು. ಜೀನ್ ಕೂಡ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. 2009ರಲ್ಲಿ ಎನ್‌ಡಿಎಂ ಮೊದಲು ವರದಿಯಾದದ್ದು ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ಸ್ವೀಡನ್‌ನ ರೋಗಿಯೊಬ್ಬರಲ್ಲಿ. ಅವರ ಮೂತ್ರದಲ್ಲಿದ್ದ ಕ್ಲೆಬ್ಸಿಯೆಲ್ಲಾ, ಮಲದಲ್ಲಿದ್ದ ಇ. ಕೋಲಿ, ಈ ಎರಡು ಬೇರೆ ಬ್ಯಾಕ್ಟೀರಿಯಾಗಳಲ್ಲೂ ಅದೇ ಜೀನ್ ಇತ್ತು.

ನಾಳೆ ಜ್ವರ ಬಂದರೆ ಅಥವಾ ಬಿಪಿ ಇಳಿದರೆ ಈ ರಿಪೋರ್ಟ್ ನಿಮ್ಮ ತಂದೆಯವರಿಗೂ ಉಪಯೋಗಕ್ಕೆ ಬರುತ್ತದೆ. ಸೆಫ್ಟಜಿಡೈಮ್-ಅವಿಬ್ಯಾಕ್ಟಮ್ ಎಂಬ ಆಂಟಿಬಯಾಟಿಕ್ ಆಕ್ಸಾ-48ರ ಮೇಲೆ ಕೆಲಸ ಮಾಡುತ್ತದೆ, ಎನ್‌ಡಿಎಂ ಮೇಲೆ ಅದೊಂದೇ ಸಾಲದು. ಜೊತೆಗೆ ಅಜ್ಟ್ರಿಯೊನಾಮ್ ಎಂಬ ಇನ್ನೊಂದು ಆಂಟಿಬಯಾಟಿಕ್ ಬೇಕಾಗುತ್ತದೆ. ಕಲ್ಚರ್ ಬರುವ ತನಕ ಕಾಯದೆ ಡಾಕ್ಟರು ಇದನ್ನು ಯೋಚಿಸಬಹುದು. ಆದರೂ ರಕ್ತದ ಕಲ್ಚರ್ ಬೇಕೇ ಬೇಕು. ಯಾವ ಔಷಧಿ ನಿಜಕ್ಕೂ ಕೆಲಸ ಮಾಡುತ್ತದೆ ಅಂತ ಪಿಸಿಆರ್ ಹೇಳುವುದಿಲ್ಲ. ಐಸಿಯುಗಳಲ್ಲಿ ತುಂಬಾ ಕಾಡುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಆಕ್ಸಾ-23 ಜೀನ್ ಈ ಕಾರ್ಟ್ರಿಜ್‌ನಲ್ಲಿ ಸಿಗುವುದೇ ಇಲ್ಲ.

ಡಾಕ್ಟರನ್ನು ಒಂದು ಮಾತು ಕೇಳಿ: "ಈಗ ಸೋಂಕಿನ ಲಕ್ಷಣ ಏನಾದರೂ ಇದೆಯಾ, ಕಲ್ಚರ್ ಕಳಿಸಿದ್ದೀರಾ?" ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕೈ ತೊಳೆಯಿರಿ. ಡೈಪರ್ ಬದಲಿಸಲು ಕೈಹಾಕಿದ್ದರೆ ಸೋಪಿನಲ್ಲೇ ತೊಳೆಯಿರಿ. ರಿಪೋರ್ಟಿನ ಫೋಟೋ ಇಟ್ಟುಕೊಂಡಿರಿ. ಇದು ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದು, ಮುಂದೆ ಬೇರೆ ಆಸ್ಪತ್ರೆಗೆ ಸೇರಿಸಿದರೆ ಮೊದಲ ದಿನವೇ ತೋರಿಸಿ.