ಬಸ್ಸಿನ ಹೊತ್ತು ಹೇಳುವ ಪೋಸ್ಟರ್

ಪತ್ರ: ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕ ಹೊಸ ಮತದಾರರಿಗಾಗಿ ಪೋಸ್ಟರ್ ಮತ್ತು ಒಂದು ನಿಮಿಷದ ವಿಡಿಯೊ ಮಾಡುತ್ತಿದೆ. ‘ಅರ್ಧಕ್ಕರ್ಧ ಯುವಜನರು ಮತಗಟ್ಟೆಗೇ ಬರುವುದಿಲ್ಲ, ನಾಚಿಕೆಯಾಗಬೇಕು’ ಎಂದು ಬರೆದಿದ್ದೇವೆ. ಮಕ್ಕಳು ಓದುತ್ತಾರೆ, ಮುಂದೆ ಹೋಗುತ್ತಾರೆ. ಜಾಹೀರಾತಿನ ಯಾವ ತಂತ್ರ ನಿಜಕ್ಕೂ ಕೆಲಸ ಮಾಡುತ್ತದೆ?
– ಉಪನ್ಯಾಸಕಿ, ಸಾಗರ

ಸಂಪಾದಕರ ಉತ್ತರ:

ಮೇಡಂ, ಮೊದಲು ಆ ನಾಚಿಕೆಯ ಸಾಲನ್ನು ತೆಗೆದುಬಿಡಿ. ಅರ್ಧ ಜನ ಬರುವುದಿಲ್ಲ ಎಂದು ಓದಿದ ಹುಡುಗನ ಮನಸ್ಸಿಗೆ ತಟ್ಟುವುದು ‘ನನ್ನಂಥವರು ಬೇಕಾದಷ್ಟಿದ್ದಾರೆ’ ಎಂಬ ಸಮಾಧಾನ. ಅಪರೂಪಕ್ಕೆ ಮತ ಹಾಕುವವರ ಉತ್ಸಾಹವನ್ನು ಇಂಥ ಸಂದೇಶ ಕುಗ್ಗಿಸುತ್ತದೆ, ಬಹಳ ಜನ ಬರುತ್ತಿದ್ದಾರೆ ಎಂಬ ಸಂದೇಶ ಹೆಚ್ಚಿಸುತ್ತದೆ ಎಂಬುದು ಪ್ರಯೋಗಗಳಲ್ಲೇ ಕಂಡಿದೆ. ಹಾಗೆಂದು ಅಂಕಿ ಹುಟ್ಟಿಸಬೇಡಿ, ತರಗತಿಯಲ್ಲೇ ಎಣಿಸಿ. 50 ಜನರಲ್ಲಿ 38 ಮಂದಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದರೆ ಅದನ್ನೇ ದಪ್ಪಕ್ಷರದಲ್ಲಿ ಬರೆಯಿರಿ. 15 ಮಂದಿಯೇ ಆಗಿದ್ದರೆ ‘ಹೋದ ವಾರ 6, ಈ ವಾರ 15’ ಎಂದು ಏರಿಕೆ ತೋರಿಸಿ.

ಪೋಸ್ಟರಿನಲ್ಲಿ ಯಾರ ಮುಖ ಇರಬೇಕು? 2010ರಲ್ಲಿ ಅಮೆರಿಕದ ಚುನಾವಣೆಯ ದಿನ ಫೇಸ್‌ಬುಕ್‌ನಲ್ಲಿ 6.1 ಕೋಟಿ ಜನರನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. ‘ಮತ ಹಾಕಿ’ ಎಂಬ ಬರಿಯ ಸೂಚನೆ ಕಂಡವರಿಗೂ ಏನೂ ಕಾಣದವರಿಗೂ ವ್ಯತ್ಯಾಸವಾಗಲಿಲ್ಲ. ಜೊತೆಗೆ ಮತ ಹಾಕಿದ ಗೆಳೆಯರ ಫೋಟೊ ಕಂಡವರಲ್ಲಿ ಮತದಾನ ತುಸು ಏರಿತು. ಆದ್ದರಿಂದ ನಟನಟಿಯರಿಗಿಂತ ಅಂತಿಮ ಬಿ.ಕಾಂ.ನ ಹುಡುಗಿಯ ಮುಖ ನಿಮಗೆ ಹೆಚ್ಚು ಬೆಲೆಯದು.

ರಾಜ್ಯದ ಚುನಾವಣಾ ರಾಯಭಾರಿಯಾಗಿದ್ದ ರಾಹುಲ್ ದ್ರಾವಿಡ್ ಅವರಿಗೇ 2019ರಲ್ಲಿ ಮತ ಹಾಕಲಾಗಲಿಲ್ಲ. ಮನೆ ಬದಲಾದಾಗ ಹಳೆಯ ವಿಳಾಸದಿಂದ ಹೆಸರು ಹೋಗಿತ್ತು, ಹೊಸ ವಿಳಾಸದ ಅರ್ಜಿ ಗಡುವಿನೊಳಗೆ ಸೇರಿರಲಿಲ್ಲ. ಹಾಗಾಗಿ ನಿಮ್ಮ ಪ್ರಚಾರದ ಮೊದಲ ಅರ್ಧ ಪೂರ್ತಿ ಅರ್ಜಿಯದೇ ಆಗಿರಲಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ಮತ್ತು ತಿದ್ದುಪಡಿಗೆ ನಮೂನೆ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ – ಈ ನಾಲ್ಕೂ ತಿಂಗಳ 1ನೇ ತಾರೀಖು 18 ತುಂಬಿತೇ ಎಂಬ ಲೆಕ್ಕಕ್ಕೆ ಬರುತ್ತದೆ. 17 ತುಂಬಿದವರು ಮುಂಗಡ ಅರ್ಜಿ ಹಾಕಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಶಿವಮೊಗ್ಗ ಕ್ಷೇತ್ರದ ಮತದಾನ ಮೇ 7ಕ್ಕೆ, ನಾಮಪತ್ರದ ಗಡುವು ಏಪ್ರಿಲ್ 19ಕ್ಕೆ. ಕೊನೆಯ ವಾರ ಅಬ್ಬರಿಸುವ ಪೋಸ್ಟರ್ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಏನೂ ಕೊಡುವುದಿಲ್ಲ.

ಉಳಿದರ್ಧ ಬಸ್ಸಿನದು. ಓದಿಗೋ ಕೆಲಸಕ್ಕೋ ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳಿಗೂ ಮತ ಹಾಕಬೇಕೆಂಬ ಮನಸ್ಸು ಇದೆ. ತಪ್ಪುವುದು ಆ ದಿನದ ಏರ್ಪಾಡು. 2008ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮತದಾರರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದರು: ಎಷ್ಟು ಗಂಟೆಗೆ ಹೋಗುತ್ತೀರಿ, ಎಲ್ಲಿಂದ ಹೊರಡುತ್ತೀರಿ, ಅದಕ್ಕೆ ಮುಂಚೆ ಏನು ಮಾಡುತ್ತಿರುತ್ತೀರಿ. ಮತದಾನ ಸುಮಾರು 4 ಶೇಕಡಾ ಅಂಶ ಏರಿತು. ಮನೆಯಲ್ಲಿ ಒಬ್ಬರೇ ಮತದಾರರಿದ್ದ ಕಡೆ ಇನ್ನೂ ಹೆಚ್ಚು. ಪಿಜಿ, ಹಾಸ್ಟೆಲಿನಲ್ಲಿರುವವರಿಗೆ ಇದು ಹೇಳಿ ಮಾಡಿಸಿದ ತಂತ್ರ. ಉತ್ತರವನ್ನು ನೀವು ಹೇಳಿಕೊಡಬೇಡಿ, ಅವರ ಬಾಯಲ್ಲೇ ಬರಲಿ. ಅಂಗೈಯಗಲದ ಚೀಟಿ ಕೊಟ್ಟು ಬರೆಸಿ: ‘ಹಿಂದಿನ ರಾತ್ರಿ ಬೆಂಗಳೂರಿನಿಂದ __ ಗಂಟೆಯ ಬಸ್ಸು ಅಥವಾ ರೈಲು. ಮತಗಟ್ಟೆ __ ಶಾಲೆ. ಜೊತೆಗೆ ಬರುವವರು __.’ ಟಿಕೆಟ್ ತೆಗೆಯುವ ಹೊತ್ತಿಗೆ ಒಮ್ಮೆ ನೆನಪಿಸಿ. ಮತ ಇರುವವರಿಗೆ ಆ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಹೇಳುತ್ತದೆ, ದೂರದೂರಿನಲ್ಲಿ ಕೆಲಸ ಮಾಡುವವರಿಗೂ ಇದು ಅನ್ವಯ. 2024ರಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಅಂಥ ಸಂದರ್ಭದಲ್ಲಿ ನಮ್ಮವರು ರಜೆಯನ್ನು ಕೇಳಿ ಪಡೆಯಬೇಕಾಗುತ್ತದೆ. ಮೇ ತಿಂಗಳಾದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹಿಡಿಯುತ್ತದೆ, ಬೆಳಗಿನ ಹೊತ್ತನ್ನೇ ಬರೆಸುವುದು ಒಳ್ಳೆಯದು.

ಚಿತ್ರದಲ್ಲಿ ಎಡವುವುದು ಸುಲಭ. ಹಸ್ತ, ಕಮಲ ಬೇಡವೆಂಬುದು ಎಲ್ಲರಿಗೂ ಗೊತ್ತು. ಆದರೆ ಹಳ್ಳಿಯ ಕಳೆ ಬರಲೆಂದು ತೆನೆ ಹೊತ್ತ ಹೆಂಗಸನ್ನು ಬರೆದರೆ ಅದೂ ಪಕ್ಷದ ಗುರುತೇ. ಅಂಗೈ ಬಿಚ್ಚಿ ಶಾಯಿ ತೋರಿಸುವ ಚಿತ್ರವೂ ಹಸ್ತದಂತೆ ಕಾಣುತ್ತದೆ. ಮುಷ್ಟಿ ಕಟ್ಟಿ ಎಡಗೈ ತೋರುಬೆರಳೊಂದನ್ನೇ ಎತ್ತಿಸಿ. ವಿಡಿಯೊ ಒಂದು ನಿಮಿಷ ಬೇಡ, 20 ಸೆಕೆಂಡು ಸಾಕು; ದಿನಾಂಕ ಮೊದಲ ಮೂರು ಸೆಕೆಂಡಿನಲ್ಲೇ ಬರಲಿ, ಮಾತು ಅಕ್ಷರದಲ್ಲೂ ಇರಲಿ. ಸಿಗ್ನಲ್ ಸಿಗದ ಹಿನ್ನೀರಿನ ಊರುಗಳಿಗೆ ವಿಡಿಯೊ ತಲುಪುವುದೇ ಕಷ್ಟ. ಅಲ್ಲಿ ಸೊಸೈಟಿ, ಹಾಲಿನ ಡೇರಿ, ಬಸ್ ನಿಲ್ದಾಣದ ಗೋಡೆಯೇ ಗತಿ.

ಒಂದು ತಂತ್ರ ಫಲ ಕೊಡುತ್ತದೆ ಎಂದು ಗೊತ್ತಿದ್ದೂ ಬೇಡ ಎನ್ನುತ್ತೇನೆ. 2006ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ, ಯಾರು ಮತ ಹಾಕಿದರು, ಯಾರು ಹಾಕಲಿಲ್ಲ ಎಂಬ ಪಟ್ಟಿಯನ್ನು ನೆರೆಹೊರೆಯವರ ಹೆಸರಿನೊಂದಿಗೆ ಅಂಚೆಯಲ್ಲಿ ಕಳಿಸಿದಾಗ ಮತದಾನ ಸುಮಾರು 8 ಶೇಕಡಾ ಅಂಶ ಏರಿತು. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ನಮ್ಮೂರುಗಳಲ್ಲಿ ಇದು ಪ್ರೇರಣೆಯಾಗಿ ಉಳಿಯದು, ಬೆದರಿಕೆಯಾಗುತ್ತದೆ. ಬಂದವರ ಹೆಸರನ್ನು ಒಪ್ಪಿಗೆ ಪಡೆದು ಹಾಕಿ, ಬಾರದವರದನ್ನು ಎಂದೂ ಹಾಕಬೇಡಿ.

ರಸ್ತೆ, ನೆಟ್‌ವರ್ಕ್ ಕೊಡುವ ತನಕ ಮತವಿಲ್ಲ ಎಂದು ಫಲಕ ಕಟ್ಟಿದ ಊರಿನಲ್ಲಿ ನಿಮ್ಮ ಪೋಸ್ಟರ್ ಅಂಟಿಸಲೇಬೇಡಿ. ಅವರು ಮರೆತು ಮನೆಯಲ್ಲಿ ಉಳಿದವರಲ್ಲ, ಯೋಚಿಸಿ ನಿರ್ಧರಿಸಿದವರು. ಅಲ್ಲಿ ಬೇಕಿರುವುದು ಅಧಿಕಾರಿಗಳು ಎದುರು ಕೂತು ಕೊಡುವ ಉತ್ತರ.

ಅಚ್ಚಿಗೆ ಕಳಿಸುವ ಮುನ್ನ ಕರಡನ್ನು ಬೇರೆ ತರಗತಿಯ ಐದು ಮಕ್ಕಳಿಗೆ ಹತ್ತು ಸೆಕೆಂಡು ತೋರಿಸಿ ಮಡಚಿಡಿ. ಯಾವ ದಿನ, ಎಲ್ಲಿಗೆ, ಏನು ತರಬೇಕು ಎಂದು ಕೇಳಿ. ಮೂವರು ತಡವರಿಸಿದರೆ ಘೋಷಣೆಯ ಅಕ್ಷರ ಕುಗ್ಗಿಸಿ, ದಿನಾಂಕವನ್ನು ಹಿಗ್ಗಿಸಿ.