ಸೀಬಾರ್ನ್ ಚಾರ್ಟ್‌ನಲ್ಲಿ ನಾನು ಕೊಟ್ಟ ಬಣ್ಣವೇ ಏಕೆ ಬರುತ್ತಿಲ್ಲ?

ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆಗಳಿವೆ: ಚಾರ್ಟ್ ಬಿಡಿಸಲು ಬಳಸುವ, ಪೈಥಾನ್‌ನ ಸೀಬಾರ್ನ್ ಲೈಬ್ರರಿಯಲ್ಲಿ ನೀವು ಕೊಟ್ಟ ಹೆಕ್ಸ್ ಬಣ್ಣಗಳು (# ಚಿಹ್ನೆಯ ಕೋಡ್‌ನಲ್ಲಿ ಬರೆದ ಬಣ್ಣಗಳು) ಬಾರ್ ಚಾರ್ಟ್‌ನಲ್ಲಿ ಮಂಕಾಗಿ ಕಾಣುತ್ತಿವೆ, ಡೇಟಾವನ್ನು ಫಿಲ್ಟರ್ ಮಾಡಿ ಮತ್ತೆ ಚಾರ್ಟ್ ಬಿಡಿಸಿದರೆ ಅದೇ ವರ್ಗಕ್ಕೆ ಬೇರೆ ಬಣ್ಣ ಬರುತ್ತಿದೆ. ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದರಲ್ಲಿ ನಿಮ್ಮ ಹೆಕ್ಸ್ ಕೋಡ್‌ನ ತಪ್ಪೇನೂ ಇಲ್ಲ. ಬಾರ್‌ಪ್ಲಾಟ್, ಕೌಂಟ್‌ಪ್ಲಾಟ್, ಬಾಕ್ಸ್‌ಪ್ಲಾಟ್ ಮುಂತಾದ ಫಂಕ್ಷನ್‌ಗಳಲ್ಲಿ ‘ಸ್ಯಾಚುರೇಶನ್’ ಎಂಬ ಆರ್ಗ್ಯುಮೆಂಟ್ ಇದ್ದು, ಅದರ ಡೀಫಾಲ್ಟ್ ಬೆಲೆ 0.75 ಆಗಿರುತ್ತದೆ, ಅಗಲವಾದ ಜಾಗವನ್ನು ತುಂಬುವಾಗ ಗಾಢ ಬಣ್ಣ ಕಣ್ಣಿಗೆ ಚುಚ್ಚುತ್ತದೆಂದು ಲೈಬ್ರರಿಯೇ ಬಣ್ಣದ ತೀವ್ರತೆಯನ್ನು ಮುಕ್ಕಾಲಿಗೆ ಇಳಿಸಿಬಿಡುತ್ತದೆ. ಲೈನ್‌ಪ್ಲಾಟ್‌ಗೆ ಈ ನಿಯಮವಿಲ್ಲದ ಕಾರಣ, ಒಂದೇ ಕೋಡ್ ಗೆರೆಯಲ್ಲಿ ಒಂದು ರೀತಿ, ಬಾರ್‌ನಲ್ಲಿ ಇನ್ನೊಂದು ರೀತಿ ಕಾಣುತ್ತದೆ. ಬೂದು ಬಣ್ಣ ಕೊಟ್ಟು ನೋಡಿದರೆ ಅದು ಇದ್ದಂತೆಯೇ ಬರುತ್ತದೆ, ಏಕೆಂದರೆ ಅದರಲ್ಲಿ ಇಳಿಸಲು ತೀವ್ರತೆಯೇ ಇರುವುದಿಲ್ಲ. ಸ್ಯಾಚುರೇಶನ್ ಅನ್ನು 1 ಮಾಡಿದರೆ ನೀವು ಕೊಟ್ಟ ಬಣ್ಣವೇ ಬರುತ್ತದೆ. ಹಿಸ್ಟ್‌ಪ್ಲಾಟ್‌ನಲ್ಲಿಯೂ ಬಣ್ಣ ತೆಳುವಾಗಿ ಕಾಣುವುದುಂಟು. ಆದರೆ ಅಲ್ಲಿ ಕಾರಣ ಪಾರದರ್ಶಕತೆ, ಆದ್ದರಿಂದ ಅಲ್ಲಿ ಬದಲಿಸಬೇಕಾದುದು ‘ಆಲ್ಫಾ’.

ಎರಡನೆಯ ತೊಂದರೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಂಕು ಬಣ್ಣ ಯಾರನ್ನೂ ದಾರಿ ತಪ್ಪಿಸುವುದಿಲ್ಲ, ಅದಲುಬದಲಾದ ಬಣ್ಣ ತಪ್ಪಿಸುತ್ತದೆ. ಯಾವ ಬಣ್ಣಗಳನ್ನು ಬಳಸಬೇಕೆಂದು ಹೇಳುವ ‘ಪ್ಯಾಲೆಟ್’ ಆರ್ಗ್ಯುಮೆಂಟ್‌ಗೆ ನೀವು ಲಿಸ್ಟ್ ಕೊಟ್ಟಿದ್ದೀರಿ. ಲಿಸ್ಟ್‌ನ ಬಣ್ಣಗಳು ವರ್ಗದ ಹೆಸರನ್ನು ನೋಡದೆ, ವರ್ಗಗಳ ಕ್ರಮವನ್ನಷ್ಟೇ ನೋಡಿ ಹಂಚಿಕೆಯಾಗುತ್ತವೆ. ಸಾಮಾನ್ಯ ಸ್ಟ್ರಿಂಗ್ ಕಾಲಮ್ ಆಗಿದ್ದರೆ ಆ ಕ್ರಮವೆಂದರೆ ಡೇಟಾದಲ್ಲಿ ಯಾವುದು ಮೊದಲು ಬಂತೋ ಅದು. ಫಿಲ್ಟರ್‌ನಿಂದ ಮೊದಲ ವರ್ಗ ಬಿಟ್ಟುಹೋದರೆ ಉಳಿದವೆಲ್ಲವೂ ಒಂದೊಂದು ಸ್ಥಾನ ಮುಂದಕ್ಕೆ ಸರಿಯುತ್ತವೆ. ಆದ್ದರಿಂದ ಪ್ರತಿ ವರ್ಗದ ಹೆಸರನ್ನು ಕೀ ಆಗಿಯೂ ಅದರ ಬಣ್ಣವನ್ನು ವ್ಯಾಲ್ಯೂ ಆಗಿಯೂ ಇಟ್ಟು ಒಂದು ಡಿಕ್ಷನರಿ ಮಾಡಿ, ಪ್ರೋಗ್ರಾಂನ ಆರಂಭದಲ್ಲಿ ಒಮ್ಮೆ ಬರೆದಿಟ್ಟು, ಎಲ್ಲ ಚಾರ್ಟ್‌ಗಳಿಗೂ ಅದನ್ನೇ ಕೊಡಿ. ಡಿಕ್ಷನರಿಯಲ್ಲಿ ಹೆಚ್ಚುವರಿ ಹೆಸರುಗಳಿದ್ದರೆ ತೊಂದರೆಯಿಲ್ಲ. ಡೇಟಾದಲ್ಲಿರುವ ಹೆಸರು ಡಿಕ್ಷನರಿಯಲ್ಲಿ ಇಲ್ಲದಿದ್ದರೆ ಮಾತ್ರ ಎರರ್ ಬರುತ್ತದೆ, ಮತ್ತು ಅದು ಬರುವುದೇ ಒಳ್ಳೆಯದು. ಲಿಸ್ಟ್‌ನಲ್ಲಿ ಬಣ್ಣಗಳು ಸಾಲದೆ ಹೋದರೆ ಬರೀ ಎಚ್ಚರಿಕೆ ಕೊಟ್ಟು ಅವೇ ಬಣ್ಣಗಳನ್ನು ಮತ್ತೆ ಬಳಸಲಾಗುತ್ತದೆ.

ಸೀಬಾರ್ನ್ 0.13 ಆವೃತ್ತಿಯಿಂದ ‘ಹ್ಯೂ’ (ಯಾವ ಕಾಲಮ್ ನೋಡಿ ಬಣ್ಣ ಹಂಚಬೇಕೆಂದು ಹೇಳುವ ಆರ್ಗ್ಯುಮೆಂಟ್) ಕೊಡದೆ ಪ್ಯಾಲೆಟ್ ಮಾತ್ರ ಕೊಟ್ಟರೆ ಎಚ್ಚರಿಕೆಯ ಸಂದೇಶ ಕಾಣಿಸುತ್ತದೆ. ಎಕ್ಸ್ ಅಕ್ಷಕ್ಕೆ ಕೊಟ್ಟ ಕಾಲಮ್ಮನ್ನೇ ಹ್ಯೂಗೂ ಕೊಟ್ಟು, ‘ಲೆಜೆಂಡ್’ (ಬಣ್ಣಗಳ ಸೂಚಿ) ಅನ್ನು ಫಾಲ್ಸ್ ಮಾಡಿದರೆ ಸಾಕು.

ನೀವು ಕೊನೆಯಲ್ಲಿ ಕೇಳಿರುವ ಹೀಟ್‌ಮ್ಯಾಪ್‌ಗೆ (ಕೋಷ್ಟಕದ ಸಂಖ್ಯೆಗಳನ್ನು ಬಣ್ಣಗಳಲ್ಲಿ ತೋರಿಸುವ ಚಾರ್ಟ್) ಡಿಕ್ಷನರಿ ಹೊಂದುವುದಿಲ್ಲ, ಅಲ್ಲಿ ‘ಸಿಮ್ಯಾಪ್’, ಅಂದರೆ ಸಂಖ್ಯೆಗಳಿಗೆ ಬಣ್ಣ ಹೊಂದಿಸುವ ಬಣ್ಣಪಟ್ಟಿ ಬೇಕು. ನಿಮ್ಮದು ಕೋರಿಲೇಶನ್ (ಎರಡು ಅಂಶಗಳ ಸಂಬಂಧವನ್ನು −1ರಿಂದ 1ರವರೆಗೆ ಅಳೆಯುವ) ಕೋಷ್ಟಕವಾದ್ದರಿಂದ ‘ವ್ಲಾಗ್’ (vlag) ಅಥವಾ ‘ಕೂಲ್‌ವಾರ್ಮ್’ನಂತಹ, ಎರಡು ಕಡೆಗೂ ಕವಲೊಡೆಯುವ ಬಣ್ಣಪಟ್ಟಿಯನ್ನು ಆರಿಸಿ, ಕನಿಷ್ಠ ಬೆಲೆ −1, ಗರಿಷ್ಠ ಬೆಲೆ 1 ಎಂದು ನಿಗದಿಪಡಿಸಿ, ಇಲ್ಲದಿದ್ದರೆ ಸೊನ್ನೆಗೆ ಸಿಗಬೇಕಾದ ನಡುವಿನ ತಿಳಿಬಣ್ಣ ಬೇರಾವುದೋ ಸಂಖ್ಯೆಗೆ ಹೋಗಿ ಕೂರುತ್ತದೆ.